ಬಾಗಿಲು ಹಾಕಿದರೆ ಬರುವ ಆಯಿ

ಮಗಳು ದೇವಕಮ್ಮ ಹೆರಿಗೆಗೆ ತವರಿಗೆ ಬಂದಾಗ ದೇವಾಪುರದ ನಮ್ಮ ಹೊಸ ಮನೆಯಲ್ಲಿ ಇನ್ನೂ ಸುಣ್ಣದ ವಾಸನೆ ಇತ್ತು. ಕಾಲುವೆ ನೀರು ಬಂದು ಭತ್ತ ಕೈಹಿಡಿದ ಮೇಲೆ ಹಳೆಯ ಮಣ್ಣಿನ ಮಾಳಿಗೆಯ ಮನೆ ಕೆಡವಿ ಸಿಮೆಂಟಿನ ಸ್ಲ್ಯಾಬ್ ಹಾಕಿಸಿದ್ದೆವು. ನೀರಿನ ಬೆನ್ನಿಗೇ ಸೊಳ್ಳೆಗಳೂ ಬಂದಿದ್ದವು. ಅದಕ್ಕೆ ಬಾಣಂತಿ ಕೋಣೆಯ ಒಂದೇ ಕಿಟಕಿಗೆ ಗೋಣಿಚೀಲ ಬಡಿದು, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದ್ದೆವು.

ಹೆಣ್ಣು ಕೂಸು ಹುಟ್ಟಿತು. ಗುಂಡಗಿತ್ತು, ಅಳುವೂ ಜೋರು. ಬಾಣಂತನಕ್ಕೆಂದು ನನ್ನ ಗಂಡನ ಅಕ್ಕ ಭೀಮವ್ವ ಕಕ್ಕೇರಾದಿಂದ ಬಂದಿದ್ದಳು. ದಿನಾ ತಾಯಿ ಮಗುವಿಗೆ ಬಿಸಿನೀರು ಎರೆದು ಹೊರಸಿನ ಮೇಲೆ ಮಲಗಿಸುವುದು, ಕೆಳಗೆ ಇಂಗಳ, ಅಂದರೆ ಇದ್ದಿಲ ಕೆಂಡ, ತುಂಬಿದ ಶೆಗಡಿ ಇಟ್ಟು ಅಜವಾನ, ಲೋಬಾನ ಉದುರಿಸುವುದು, ಗಾಳಿ ಸೋಕದಂತೆ ಬಾಗಿಲು ಹಾಕುವುದು. ನಮ್ಮಲ್ಲಿ ಎಲ್ಲರ ಮನೆಯಲ್ಲೂ ನಡೆಯುವುದೇ.

ಕೆಲವು ದಿನ ಕಳೆದ ಮೇಲೆ ದೇವಕಮ್ಮ ನನ್ನ ಕೈ ಹಿಡಿದುಕೊಂಡಳು.

“ಯವ್ವಾ, ಬಾಕಲ ಹಾಕಿದ ಮ್ಯಾಲ ಆಯಿ ಬಂದು ಕಾಲಕಡಿ ಕೂಡತಾಳ.”

ಆಯಿ ಅಂದರೆ ನನ್ನ ಅತ್ತೆ. ಹಳೆ ಮನೆಯಲ್ಲೇ ತೀರಿಕೊಂಡಿದ್ದರು. ಮಾತಾಡುವುದಿಲ್ಲವಂತೆ, ಸುಮ್ಮನೆ ನೋಡುತ್ತಾರಂತೆ. ಎದೆಯ ಮೇಲೆ ಬೀಸುಕಲ್ಲು ಇಟ್ಟಂತಾಗಿ ಕೈ ಎತ್ತಲಾಗುವುದಿಲ್ಲ, ಆಮೇಲೆ ತಲೆ ಸಿಡಿಯುತ್ತದೆ ಅಂದಳು. ಹಸಿ ಮೈ, ಕನಸು ಬಿದ್ದಿರಬೇಕು ಅಂದುಕೊಂಡೆ. ಆದರೆ ಕೂಸೂ ಮಂಕಾಗತೊಡಗಿತು. ಮೊಲೆಗೆ ಹಚ್ಚಿದರೆ ಒಂದೆರಡು ಸಲ ಚೀಪಿ ಬಾಯಿ ಬಿಟ್ಟುಬಿಡುತ್ತಿತ್ತು.

ಭೀಮವ್ವಳಿಗೆ ಅನುಮಾನವೇ ಇರಲಿಲ್ಲ. ತನ್ನ ತಾಯಿ ಮರಿಮಗುವನ್ನು ನೋಡುವ ಆಸೆಯಲ್ಲೇ ಸತ್ತಿದ್ದಾಳೆ, ಈಗ ಅದನ್ನು ಕರೆದೊಯ್ಯಲು ಬಂದಿದ್ದಾಳೆ ಅಂದಳು. ದೆವ್ವ ಬಿಡಿಸುವ ಹುಲಗಪ್ಪನಿಗೆ ಅಮಾವಾಸ್ಯೆಗೆ ಬರಲು ಹೇಳಿ ಕಳಿಸಿದಳು. ಅಲ್ಲಿಯವರೆಗೆ ಕೂಸು ತಾಯಿಯ ಮಗ್ಗುಲಲ್ಲಿ ಇರಬಾರದು, ಕಕ್ಕೇರಾದಲ್ಲಿ ತನ್ನ ಸೊಸೆಗೆ ಹಾಲಿದೆ, ನಾಳೆ ಸಂಜೆಯ ಬಸ್ಸಿಗೆ ತಾನೇ ಎತ್ತಿಕೊಂಡು ಹೋಗುತ್ತೇನೆ ಅಂತಲೂ ನಿರ್ಧರಿಸಿದಳು. ಅದನ್ನು ಕೇಳಿ ದೇವಕಮ್ಮ ಅಳಲಿಲ್ಲ. ಕೂಸನ್ನು ಸೆರಗಿನೊಳಗೆ ಹಾಕಿಕೊಂಡು ಯಾರಿಗೂ ಮುಟ್ಟಗೊಡಲಿಲ್ಲ.

ನನಗೆ ಅತ್ತೆಯ ಭಯವಿರಲಿಲ್ಲ. ನನ್ನ ಎಲ್ಲ ಬಾಣಂತನ ಮಾಡಿದವರು ಅವರೇ. ಬಂದಿದ್ದರೆ ಬರಲಿ, ಕೂಸನ್ನು ಬಿಡಿ ಅಂತ ಕೈಮುಗಿದು ಕೇಳುತ್ತೇನೆ ಅಂದುಕೊಂಡು ಮರುದಿನ ಎರೆದಾದ ಮೇಲೆ ನಾನೂ ಒಳಗೆ ಕೂತೆ. ಭೀಮವ್ವ ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ಮೊದಲು ಬೆಚ್ಚಗೆ ಹಿತವಾಗಿತ್ತು. ಆಮೇಲೆ ಹಣೆಯ ಪಕ್ಕದ ಕಣತಲೆ ಹೊಡೆದುಕೊಳ್ಳತೊಡಗಿತು. ಗೋಡೆ ತೇಲಿದಂತಾಯಿತು. ಎಲ್ಲೋ ಬಳೆ ಸದ್ದು. ಮೂಲೆಯಲ್ಲಿ ಅತ್ತೆಯ ಕೆಂಪು ಇಳಕಲ್ ಸೀರೆ ಕಂಡಿತು, ಖರೇ ಕಂಡಿತು. ಮಾತಾಡಿಸಲು ಬಾಯಿ ತೆರೆದರೆ ನಾಲಗೆ ಏಳಲಿಲ್ಲ. ಹೊರಸಿನ ಕಡೆ ತಿರುಗಿದೆ. ಮಗಳಿಗೆ ಎಚ್ಚರವಿರಲಿಲ್ಲ, ಕೂಸಿನ ಕೈ ಜೋತುಬಿದ್ದಿತ್ತು. ತೆವಳುತ್ತಾ ಹೋಗಿ ಬಾಗಿಲು ಬಡಿದೆ.

ಭೀಮವ್ವ ತೆರೆದಳು. ಇಬ್ಬರೂ ಸೇರಿ ತಾಯಿ ಮಗುವನ್ನು ಬೇವಿನ ಮರದ ಕೆಳಗೆ ತಂದೆವು. ನಾನು ಅಲ್ಲೇ ವಾಂತಿ ಮಾಡಿಕೊಂಡೆ. ಸ್ವಲ್ಪ ಹೊತ್ತಿಗೆ ದೇವಕಮ್ಮ ಕಣ್ಣು ಬಿಟ್ಟಳು. ಕೂಸು ಸಣ್ಣಗೆ ಅತ್ತಿತು. ಆ ಅಳುವಿನಷ್ಟು ಚಂದದ ದನಿ ನಾನು ಇವತ್ತಿನವರೆಗೂ ಕೇಳಿಲ್ಲ.

ಗಂಡ ಓಡಿಹೋಗಿ ನರ್ಸ್ ಕಲ್ಯಾಣಮ್ಮನನ್ನು ಕರೆತಂದರು. ಅವರು ಕೂಸಿನ ಉಸಿರು ನೋಡಿ, ಸುರಪುರದ ದವಾಖಾನೆಗೆ ಹೋಗಲು ಜೀಪು ತರಿಸಲು ಹೇಳಿದರು. ಅದು ಬರುವವರೆಗೆ ಎಲ್ಲ ಕೇಳಿಕೊಂಡರು. ನಗಲಿಲ್ಲ.

“ಬಾಕಲ ತೆರದ್ರ ನಿಮ್ಮ ಆಯಿ ಇರ್ತಾಳೇನು?”

“ಇಲ್ರಿ, ಹೋಗತಾಳ,” ಅಂದಳು ದೇವಕಮ್ಮ.

“ಬಾಕಲ ಹಾಕಿದ್ರ ಬರೋದು, ತೆರದ್ರ ಹೋಗೋದು. ಇದು ದೆವ್ವಲ್ಲವ್ವಾ, ಇಂಗಳದ ವಿಷಗಾಳಿ. ವಾಸನಿ ಇರಂಗಿಲ್ಲ, ಕಣ್ಣಿಗಿ ಕಾಣಂಗಿಲ್ಲ. ತಲಿಗೇರಿದ್ರ ಇಲ್ಲದ್ದೆಲ್ಲಾ ಕಾಣಸ್ತದ. ಇನ್ನಷ್ಟು ಹೊತ್ತಾದ್ರ ಜೀವಾ ತಗೀತದ.”

ಭೀಮವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನಾವೇನ್ ಗಿಡದಾಗ ಉದರೀವೇನ್ರಿ? ನಾವೂ ಹಡದೀವಿ, ನಮಗೂ ಇಂಗಳ ಇಟ್ಟಿದ್ರು. ಯಾವ ವಿಷಾನೂ ನಮ್ಮನ್ನ ಮುಟ್ಟಲಿಲ್ಲ.”

ನನಗೆ ಹಳೆ ಮನೆ ಕಣ್ಣಮುಂದೆ ಬಂತು. ಬಾಣಂತಿಯಾಗಿ ಮಲಗಿ ನಾನು ದಿನಗಟ್ಟಲೆ ನೋಡಿದ್ದು ಮಾಳಿಗೆಯ ಬೆಳಕಿಂಡಿಯನ್ನು. ಹೊಗೆಯೆಲ್ಲ ಅದರೊಳಗಿಂದ ಆಕಾಶಕ್ಕೆ ಹೋಗುತ್ತಿತ್ತು.

“ಯಕ್ಕಾ, ಆಗ ಮ್ಯಾಲ ಬೆಳಕಿಂಡಿ ಇತ್ತು. ಈಗ ಸ್ಲ್ಯಾಬ್ ಅದ. ಕಿಡಕೀನೂ ನಾವೇ ಮುಚ್ಚೀವಿ,” ಅಂದೆ.

ಭೀಮವ್ವ ತೆರೆದ ಬಾಗಿಲಿನಿಂದ ಕೋಣೆಯ ಸ್ಲ್ಯಾಬನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಶೆಗಡಿಯನ್ನು ಅಂಗಳಕ್ಕೆ ತಂದಿಟ್ಟು, ಕಿಟಕಿಯ ಗೋಣಿಚೀಲ ಕಿತ್ತು ಹಾಕಿದಳು.

“ಹುಲಗಪ್ಪಗ ಬರಬ್ಯಾಡಂತ ಹೇಳಿ ಕಳಸ್ರಿ,” ಅಂದಳು. “ಬಂದ್ರ ದೆವ್ವ ಇರಲಿ ಇಲ್ಲದಿರಲಿ, ಕೋಳಿ ಅಂತೂ ಹೊಡೀತಾನ.”

ದವಾಖಾನೆಯಲ್ಲಿ ಆಮ್ಲಜನಕ ಕೊಟ್ಟು, ಕೂಸು ಹುಷಾರಾದ ಮೇಲೆ ಕಳಿಸಿದರು. ಅಲ್ಲಿಯ ಡಾಕ್ಟರರೂ ಕಲ್ಯಾಣಮ್ಮ ಹೇಳಿದ್ದನ್ನೇ ಹೇಳಿದರು.

ದೆವ್ವ ಇದೆಯೇ ಅಂತ ಯಾರಾದರೂ ಕೇಳಿದರೆ ಆವತ್ತು ನಾನು ಕಂಡದ್ದು ಇಂಗಳದ ಗಾಳಿ ಅಂತಲೇ ಹೇಳುತ್ತೇನೆ. ಆದರೂ ಆ ವಿಷವು ಮಗಳಿಗೆ ಬರೀ ನಿದ್ದೆ ತರಿಸಿದ್ದರೆ, ಬಾಣಂತಿ ಹಾಯಾಗಿ ಮಲಗಿದ್ದಾಳೆ ಅಂತ ನಾವು ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಅತ್ತೆಯ ರೂಪದಲ್ಲಿ ಹೆದರಿಸಿತು, ಅದರಿಂದ ಉಳಿದೆವು. ಕಲ್ಯಾಣಮ್ಮನಿಗೆ ಕೈಮುಗಿಯುವಾಗಲೆಲ್ಲ ಮನಸ್ಸಿನಲ್ಲಿ ಅತ್ತೆಗೂ ಮುಗಿಯುತ್ತೇನೆ.

ಊರಿಗೆ ಮರಳಿದ ದಿನ ಕೂಸು ತುಟಿಯಂಚಿನಲ್ಲಿ ಹಾಲು ಸುರಿಯುವಷ್ಟು ಕುಡಿಯಿತು. ಭೀಮವ್ವ ದೂರದಲ್ಲೇ ಕಂಬಕ್ಕೊರಗಿ ಕೂತಿದ್ದಳು, ಹತ್ತಿರ ಬರಲು ಅವಳಿಗೆ ಧೈರ್ಯ ಸಾಲಲಿಲ್ಲ. ದೇವಕಮ್ಮ ಸೆರಗು ಸರಿಮಾಡಿಕೊಂಡು ಕೂಸನ್ನು ಅವಳತ್ತ ಚಾಚಿದಳು.

“ಅತ್ತಿ, ಹಿಡೀರಿ ಇಕೀನ್ನ. ನಾ ಒಂದೀಟು ಉಣತೀನಿ.”