ಗಡಿ ದಾಟಬೇಕಿದ್ದ ಮೀನು

ಇಂದ್ರಾಬಾಯಿ ಕುಟ್ಟಿದ ಬರ್ಫವನ್ನು ಪೆಟ್ಟಿಗೆಯ ತಳಕ್ಕೆ ಹರಡುತ್ತಿದ್ದಾಗ ರೂಪಾಲಿಯ ಸ್ಕೂಟರ್ ಕೆರೆಯ ಏರಿಯ ಮೇಲೆ ಬಂದು ನಿಂತಿತು. ಗಂಡ ವಿಠೋಬ ಇನ್ನೂ ಸೊಂಟಮಟ್ಟದ ನೀರಿನಲ್ಲಿ ಬಲೆ ಎಳೆಯುತ್ತಿದ್ದ.

"ಲಗೂನ ಬಂದ್ರಲ್ಲ! ನೋಡ್ರಿ, ಇವತ್ತ ಕಟ್ಲಾ ಮೀನ ಎಷ್ಟ ಚಲೋ ಬಿದ್ದಾವ" ಎಂದಳು ಇಂದ್ರಾಬಾಯಿ.

ರೂಪಾಲಿ ಹೆಲ್ಮೆಟ್ ತೆಗೆಯಲಿಲ್ಲ.

ಕರ್ನಾಟಕದ ಗಡಿಯಾಚೆಯ ಸೊರಡಿಯ ಈ ಕೆರೆಯಲ್ಲಿ ಮಾವನ ಕಾಲದಿಂದಲೂ ಇಂದ್ರಾಬಾಯಿಯ ಮನೆಯವರ ಬಲೆ. ಹಿಡಿದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು, ಉಮದಿಯಲ್ಲಿ ಬಸ್ಸು ಹತ್ತಿ, ಕರ್ನಾಟಕದ ಕಡೆಯ ಸಂತೆಯಲ್ಲಿ ನೆಲಕ್ಕೆ ಕೂತು ಮಾರುತ್ತಿದ್ದಳು. ಬಿಸಿಲೇರಿ ಮೀನಿನ ಕಣ್ಣು ಬಿಳಿಚಿದರೆ ಕೇಳಿದ ದರಕ್ಕೆ ಕೊಟ್ಟು ಏಳಬೇಕು. ಹೋದ ವರ್ಷ ಒಂದು ಸಂಸ್ಥೆಯಿಂದ ಬಂದ ರೂಪಾಲಿ, ಈ ಕೆರೆಯನ್ನೇ ನಂಬಿದ ಮನೆಗಳ ಹೆಂಗಸರನ್ನು ಕೂಡಿಸಿ ಸಂಘ ಕಟ್ಟಿಸಿದಳು. ತೂಕದ ಯಂತ್ರ ಬಂತು, ಬರ್ಫದ ಪೆಟ್ಟಿಗೆ ಬಂತು. ವಿಜಯಪುರದ ವ್ಯಾಪಾರಿಯೊಬ್ಬ ಗಾಡಿ ಕಳಿಸಲು ಒಪ್ಪಿದ. "ಇನ್ನ ಕಳ್ಳರಂಗ ಗಡಿ ದಾಟೂದು ಬ್ಯಾಡ. ಬಿಲ್ಲಿನ ಮ್ಯಾಲ ನಿಮ್ಮ ಸಂಘದ ಹೆಸರ ಇರ್ತದ" ಎಂದಿದ್ದಳು. ಮೊದಲ ಗಾಡಿ ಬರುವ ದಿನ ಇಂದೇ.

"ಗಾಡಿ ಬರಂಗಿಲ್ಲರಿ" ಎಂದಳು ರೂಪಾಲಿ. "ಮೀನ ಗಡಿ ದಾಟಸೂ ಪರವಾನಗಿಗೆ ಕೆರಿ ಯಾರದಂತ ತೋರಸಬೇಕಿತ್ತು. ನಾನೇ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟೆ. ಅದನ್ನ ನೋಡಿದ ಮ್ಯಾಲ ಅವರಿಗೆ ಗೊತ್ತಾತು, ಈ ಕೆರಿ ಯಾರಿಗೂ ಗುತ್ತಿಗಿ ಕೊಟ್ಟಿಲ್ಲಂತ. ನಿನ್ನಿ ಲಿಲಾವು ಕೂಗಿ ಗುತ್ತಿಗಿ ಕೊಟ್ರು. ಸಂಘ ಹೊಸಾದಂತ ನಮ್ಮನ್ನ ಒಳಗ ಬಿಡಲಿಲ್ಲ. ಹೊರಗಿನ ಗುತ್ತಿಗೆದಾರ ಹಿಡದಾನ. ವ್ಯಾಪಾರಿ ಇನ್ನ ಅವನ ಕಡಿಂದನ ಮೀನ ಒಯ್ತಾನಂತ."

ಇಂದ್ರಾಬಾಯಿಯ ಕೈ ಬರ್ಫದಲ್ಲೇ ಇತ್ತು. ಬೆರಳು ಮರಗಟ್ಟಿದ್ದು ತಿಳಿಯಲಿಲ್ಲ.

"ನೀವು ಕೇಳದ ಇದ್ರ ಅವರಿಗೆ ಗೊತ್ತಾಗ್ತಿತ್ತೇನ್ರಿ?"

ರೂಪಾಲಿ ಹೆಲ್ಮೆಟ್ಟಿನ ಗಾಜನ್ನು ಕೆಳಗೆಳೆದುಕೊಂಡಳು.

ವಿಠೋಬ ದಂಡೆಗೆ ಬಂದ. ಎಲ್ಲವನ್ನೂ ಕೇಳಿ, "ಈಗ ಹಿಡದದ್ದು?" ಎಂದ.

"ಅವೂ ಅವನವೇರಿ."

ವಿಠೋಬ ನೀರಿಗಿಳಿದು ಬಲೆಯನ್ನು ಮಗುಚಿದ. ಜೀವವಿದ್ದ ಮೀನು ಬಾಲ ಬೀಸಿ ಮರೆಯಾದವು. ಸತ್ತವು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ದಂಡೆಗೇ ತೇಲಿ ಬಂದವು. ಹೆಲ್ಮೆಟ್ಟಿನೊಳಗೆ ರೂಪಾಲಿ ಬಿಕ್ಕುತ್ತಿದ್ದಳು.

"ಅಳಬ್ಯಾಡ ಯವ್ವಾ. ಚಾ ಕುಡದು ಹೋಗು" ಎಂದಳು ಇಂದ್ರಾಬಾಯಿ. ರೂಪಾಲಿ ಕುಡಿಯಲಿಲ್ಲ.

ವಾರದೊಳಗೆ ಏರಿಯ ಮೇಲೆ ಕಾವಲಿನವನು ಬಂದ. ಬಲೆ ಎಳೆಯುವ ಕೂಲಿಯನ್ನಾದರೂ ಕೊಡಿ ಎಂದು ವಿಠೋಬ ಹೋಗಿ ಕೇಳಿದ. ಗುತ್ತಿಗೆದಾರ ತನ್ನ ಆಳುಗಳನ್ನು ತಾನೇ ಕರೆತಂದಿದ್ದ. ಸಂಘದ ಹೆಂಗಸರು ದಿಕ್ಕಿಗೊಬ್ಬರಾಗಿ ಕೂಲಿ ಹುಡುಕಿದರು.

ದಾಳಿಂಬೆ ತೋಟದ ಕೆಲಸಕ್ಕೆಂದು ಇಂದ್ರಾಬಾಯಿ ಗೋಣಿಯಿಲ್ಲದೆ ಉಮದಿಯಲ್ಲಿ ಬಸ್ಸು ಹತ್ತಿದಳು. ಮೀನಿನ ನಾತಕ್ಕೆ ಇಷ್ಟು ವರ್ಷ ಅವಳ ಪಕ್ಕ ಯಾರೂ ಕೂತವರಲ್ಲ. ಅಂದು ಗುರುತಿಲ್ಲದ ಹೆಂಗಸೊಬ್ಬಳು ಬಂದು ಅವಳಿಗೆ ಒತ್ತಿ ಕೂತಳು. ಬಸ್ಸು ಊರು ದಾಟುವುದರೊಳಗೆ ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಇಂದ್ರಾಬಾಯಿ ಅಲುಗದೆ ಕೂತಿದ್ದಳು.