ಸಣ್ಣ ಸ್ವರ್ಗ, ಕುಡುಕ ಕಳ್ಳ

ಮಾಣಿ ಎಂಬ ಊರಿನ ಗ್ರೆಟ್ಟಾ ಬಾಯಿ ಧರ್ಮಶಾಸ್ತ್ರ ಬರೆಯಲು ಹೊರಟವಳೇ ಅಲ್ಲ. ಅವಳು ಹೊರಟದ್ದು ಸಾನ್ನಾಂ ಮಾಡಲಿಕ್ಕೆ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಆಗುವ ಇಡ್ಲಿ ಅದು. ಹಿಟ್ಟಿಗೆ ಕಳ್ಳು ಸೇರಿಸಿ ರಾತ್ರಿ ಇಟ್ಟರೆ ಬೆಳಿಗ್ಗೆ ಉಬ್ಬಿ ಬಂದು ಮುಚ್ಚಳವನ್ನೇ ಎತ್ತುತ್ತದೆ. ಅಕ್ಕಿ ತೊಳೆಯುವಾಗ ಅವಳಿಗೆ ಯೇಸುಸ್ವಾಮಿ ಹೇಳಿದ ಹುಳಿಹಿಟ್ಟಿನ ಸಾಮತಿ, ಸ್ವರ್ಗಸಾಮ್ರಾಜ್ಯವನ್ನು ಹಿಟ್ಟು ಉಬ್ಬಿಸುವ ಹುಳಿಗೆ ಹೋಲಿಸಿದ ಕತೆ, ನೆನಪಾಯಿತು. ಬ್ಲಾಗಿಗೆ ಒಳ್ಳೆಯ ವಿಷಯ ಅಂತ ಅನಿಸಿತು. ಕೈ ಒದ್ದೆ ಇತ್ತು. ಮೊಬೈಲಿನ ಮೈಕನ್ನು ಕಿರುಬೆರಳಿನಿಂದ ಒತ್ತಿ ಹೇಳಿದಳು:

"ಸ್ವರ್ಗಸಾಮ್ರಾಜ್ಯ ಅಂದರೆ ಸಾನ್ನಾಂ. ಅದಕ್ಕೆ ಒಂದು ಕುಡ್ತೆ ಕಳ್ಳು ಬಿದ್ದರೆ ಸಾಕು, ಬೆಳಿಗ್ಗೆ ಆಗುವಾಗ ಉಬ್ಬಿ ಪಾತ್ರೆ ತುಂಬುತ್ತದೆ."

ಮೊಬೈಲಿಗೆ ಕೊಂಕಣಿ ಬರುವುದಿಲ್ಲ. ಕುಡ್ತೆ ಎನ್ನುವುದು ನಮ್ಮ ಕಡೆಯ ಅಳತೆ ಎಂಬುದೂ ಅದಕ್ಕೆ ತಿಳಿಯದು. ಅದು ತನಗೆ ತಿಳಿದದ್ದನ್ನು ಬರೆದುಕೊಂಡಿತು: "ಸ್ವರ್ಗಸಾಮ್ರಾಜ್ಯ ಅಂದರೆ ಸಣ್ಣ. ಅದಕ್ಕೆ ಒಂದು ಕುಡುಕ ಕಳ್ಳ ಬಿದ್ದರೆ ಸಾಕು, ಬೆಳಿಗ್ಗೆ ಆಗುವಾಗ ಉಬ್ಬಿ ಪಾತ್ರೆ ತುಂಬುತ್ತದೆ."

ಕನ್ನಡಕ ಟಿ.ವಿ.ಯ ಮೇಲಿತ್ತು. ಗ್ರೆಟ್ಟಾ ಓದಿ ನೋಡದೆ ಪ್ರಕಟಿಸಿ, ಉದ್ದಿನಬೇಳೆ ನೆನೆಹಾಕಲು ಹೋದಳು.

ಅವಳ ಬ್ಲಾಗ್ ಸೇರಿದ್ದು ಸಾಸಿವೆ ಬಳಗಕ್ಕೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅರುವತ್ತಮೂರು ಕ್ರೈಸ್ತ ಬ್ಲಾಗಿಗರ ಕೂಟ ಅದು. ಕೆಥೊಲಿಕರು, ಪ್ರೊಟೆಸ್ಟಂಟರು, ಕೊಕ್ಕಡದ ಮಲಯಾಳಿ ಸಿರಿಯನ್ನರು, ಎಲ್ಲರೂ ಇದ್ದಾರೆ. ಒಬ್ಬರು ಬರೆದದ್ದಕ್ಕೆ ಉಳಿದ ಅರುವತ್ತೆರಡು ಮಂದಿ ಆಮೆನ್ ಹಾಕಬೇಕು ಎಂಬುದು ಅಲ್ಲಿಯ ಅಲಿಖಿತ ನಿಯಮ. ಹಾಕದಿದ್ದರೆ ನಿಮ್ಮ ಆತ್ಮದ ಆರೋಗ್ಯ ವಿಚಾರಿಸಿ ನಾಲ್ಕು ಮೆಸೇಜು ಬರುತ್ತದೆ.

ಒಳ್ಳೆಯದನ್ನು ಒಳ್ಳೆಯದು ಅನ್ನಲೇಬೇಕು. ಎರಡು ವರ್ಷದ ಹಿಂದೆ ಗ್ರೆಟ್ಟಾಳಿಗೆ ಗರ್ಭಕೋಶದ ಆಪರೇಷನ್ ಆಗಿ ನಲುವತ್ತು ದಿನ ಮಲಗಿದ್ದಾಗ ನೋಡಿಕೊಂಡದ್ದು ಇದೇ ಬಳಗ. ಗಂಡ ಬೊನಿಫಾಸ್ ಆಟೋ ಬಿಟ್ಟು ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಆಗ ಕೊಕ್ಕಡದಿಂದ ಕುರಿಯಚ್ಚನ್ ಎಂಬ, ಅದುವರೆಗೆ ಮುಖವನ್ನೇ ನೋಡದ ಮನುಷ್ಯ, ಬೈಕಿನ ಹಿಂದೆ ಬಾಳೆಗೊನೆ ಕಟ್ಟಿಕೊಂಡು ಬಂದು, ಅಂಗಳದಲ್ಲೇ ನಿಂತು ಪ್ರಾರ್ಥನೆ ಹೇಳಿ, ಒಂದು ಲೋಟ ನೀರು ಕುಡಿದು ಹೋಗಿದ್ದ. ಬೆಳುವಾಯಿಯ ಸುಶಾಂತಿ ಅಕ್ಕನಂತೂ ದಿನಾ ಬೆಳಿಗ್ಗೆ ಆರೂವರೆಗೆ ಅವಳ ಬ್ಲಾಗಿನ ಕೆಳಗೆ ಬರೆಯುತ್ತಿದ್ದರು: "ಆಮೆನ್ ತಂಗಿ. ನೋವು ಹೇಗುಂಟು? ಚಾ ಆಯ್ತಾ?" ನೋವು ಹೋದ ಮೇಲೂ ಚಾದ ಪ್ರಶ್ನೆ ನಿಲ್ಲಲಿಲ್ಲ. ಗ್ರೆಟ್ಟಾಳಿಗೆ ಮೂವರು ನಾದಿನಿಯರಿದ್ದಾರೆ. ಮೂವರೂ ಸೇರಿ ಇಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ಕೇಳಿದ್ದಿಲ್ಲ. ಅಕ್ಕನನ್ನು ಅವಳು ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೂ ಆ ಒಂದು ಸಾಲು ಬಾರದೆ ಅವಳ ದಿನ ಶುರುವಾಗುತ್ತಿರಲಿಲ್ಲ.

ಮಧ್ಯಾಹ್ನ ಗ್ರೆಟ್ಟಾ ಕನ್ನಡಕ ಹಾಕಿ ನೋಡಿದಾಗ ನೂರ ಹದಿನೆಂಟು ಕಮೆಂಟುಗಳು. ತಪ್ಪು ಕಣ್ಣಿಗೆ ಬಿತ್ತು. ಅಳಿಸಲು ಹೆಬ್ಬೆರಳು ಎತ್ತಿದವಳು ಅಷ್ಟರಲ್ಲಿ ಮೊದಲ ಕಮೆಂಟು ಓದಿಬಿಟ್ಟಳು.

"ಎಂಥ ದರ್ಶನ! ಸ್ವರ್ಗ ಸಣ್ಣದು. ಆದರೆ ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಪಶ್ಚಾತ್ತಾಪಪಟ್ಟ ಆ ಕಳ್ಳ ಒಳಗೆ ಬಿದ್ದ ಕೂಡಲೇ ಅದು ಉಬ್ಬಿತು! ಎರಡು ಸಾವಿರ ವರ್ಷದಲ್ಲಿ ಯಾರೂ ಹೀಗೆ ಹೇಳಿಲ್ಲ."

ಹೇಳದಿದ್ದದ್ದು ನಿಜವೇ. ಬರೆದವರು ಬಳಗದ ಮುಖ್ಯಸ್ಥ ಯೋನಾತಾನ ಬ್ರದರ್, ಬೆಳ್ತಂಗಡಿಯಲ್ಲಿ ಪ್ಲೈವುಡ್ ಅಂಗಡಿ ಇಟ್ಟವರು. ಅವರು ಗ್ರೆಟ್ಟಾಳನ್ನು 'ಸಿಸ್ಟರ್' ಎಂದೇ ಕರೆಯುವುದು. ಕೆಥೊಲಿಕರಲ್ಲಿ ಸಿಸ್ಟರ್ ಅಂದರೆ ಕನ್ಯಾಮಠದವರು, ಹಾಗಾಗಿ ಬೊನಿಫಾಸನಿಗೆ ಅದನ್ನು ಕಂಡರೆ ಉರಿಯುತ್ತದೆ.

"ತಪ್ಪಾಯ್ತು ಅಂತ ಹೇಳು, ಮುಗೀತು," ಅಂದ ಬೊನಿಫಾಸ್, ಮೀನುಸಾರಿಗೆ ಅನ್ನ ಕಲಸುತ್ತಾ.

"ನಾಳೆ ಹೇಳ್ತೇನೆ," ಅಂದಳು ಗ್ರೆಟ್ಟಾ.

ಆ ನಾಳೆ ಬರಲಿಲ್ಲ. ಹೊಗಳಿ ಹೊನ್ನಶೂಲಕ್ಕೆ ಏರಿಸಿದರೆ ಯಾರಾದರೂ ತಾವಾಗಿ ಇಳಿಯುತ್ತಾರೆಯೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಬಳಗದಲ್ಲಿ ಬೇಕಾದಷ್ಟು ಇದ್ದರು. ಕಳ್ಳ ಸರಿ, ಕುಡುಕ ಯಾಕೆ ಎಂದು ಒಬ್ಬರು ಕೇಳಿದರು. ಕೂಡಲೇ ಕುರಿಯಚ್ಚನ್ 'ಶಿಲುಬೆಯ ಕಳ್ಳ ಕುಡಿದಿದ್ದನೇ?' ಎಂದು ಮೂರು ಭಾಗದ ಲೇಖನ ಬರೆದ. ಮೊದಲ ಭಾಗದಲ್ಲಿ ಕುಡಿದಿದ್ದ, ಎರಡನೆಯದರಲ್ಲಿ ಕುಡಿದಿರಲಿಲ್ಲ, ಮೂರನೆಯದರಲ್ಲಿ ಕುಡಿಯುವುದನ್ನು ಬಿಟ್ಟಿದ್ದ.

ಮೂರನೆಯ ದಿನ ಬಳಗ ಎರಡಾಯಿತು. ಸ್ವರ್ಗ ಸಣ್ಣದು, ಆಯ್ದ ಕೆಲವರಿಗೆ ಮಾತ್ರ ಅಂತ ಒಂದು ಪಕ್ಷ. ಈ ಪಕ್ಷದವರಿಗೆಲ್ಲ ಆ ಕೆಲವರಲ್ಲಿ ತಾವು ಇದ್ದೇವೆ ಎಂಬುದು ಖಾತ್ರಿ ಇತ್ತು. ಸ್ವರ್ಗ ದೊಡ್ಡದು ಅಂತ ಇನ್ನೊಂದು ಪಕ್ಷ. ಅದಕ್ಕೆ ಮುಂದಾಳು 'ಸತ್ಯಸಾಕ್ಷಿ' ಎಂಬ ಹೆಸರಿನಲ್ಲಿ ಬರೆಯುವ ಯಾರೋ ಒಬ್ಬರು. ಸತ್ಯಸಾಕ್ಷಿಯ ಮಾತು ಕತ್ತಿಯೇ. "ಸ್ವರ್ಗ ಸಣ್ಣದು ಎನ್ನುವವಳ ಮನಸ್ಸೇ ಸಣ್ಣದು. ಅಡುಗೆಮನೆಯಲ್ಲಿ ಇರಬೇಕಾದವರು ಬೋಧನೆಗೆ ಇಳಿದರೆ ಹೀಗೇ ಆಗುವುದು." ಅದನ್ನು ಓದಿ ಗ್ರೆಟ್ಟಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಆದರೆ ಅವಳನ್ನು ನಿಜವಾಗಿ ಕೊರೆದದ್ದು ಅದಲ್ಲ. ಅದೇ ದಿನದಿಂದ ಸುಶಾಂತಿ ಅಕ್ಕನ ಸಾಲು ನಿಂತಿತ್ತು. ಆರೂವರೆ ಆಯಿತು, ಏಳಾಯಿತು, ಏನೂ ಇಲ್ಲ. ಮರುದಿನವೂ ಇಲ್ಲ. ಅಕ್ಕನಿಗೆ ಬೇಸರವಾಗಿದೆ, ತನ್ನ ಸೊಕ್ಕು ಅವರಿಗೆ ಕಂಡಿದೆ ಎಂದು ಗ್ರೆಟ್ಟಾಳಿಗೆ ಅನಿಸಿತು. ಒಂಬತ್ತು ದಿನ ಅವಳು ಚಾ ಕುಡಿದದ್ದು ಯಾರೂ ಕೇಳದೆ. ಹತ್ತನೆಯ ದಿನ, ವಿಷಯ ಇತ್ಯರ್ಥ ಮಾಡಲು ನಾಳೆ ಬಿ.ಸಿ.ರೋಡಿನಲ್ಲಿ ಬಳಗದ ಸಭೆ ಕರೆದಿದ್ದೇವೆ, ತಪ್ಪದೆ ಬನ್ನಿ ಎಂದು ಯೋನಾತಾನ ಬ್ರದರ್ ಬರೆದರು. ಗ್ರೆಟ್ಟಾ ಹೋಗಲು ಒಪ್ಪಿದ್ದು ಸ್ವರ್ಗದ ಅಳತೆಗಲ್ಲ. ಅಕ್ಕ ಬರಬಹುದು, ಎದುರಾ ಎದುರು ತಪ್ಪೊಪ್ಪಿಕೊಳ್ಳುವ ಎಂಬ ಒಂದೇ ಆಸೆ.

ಬರಿಗೈಯಲ್ಲಿ ಹೋಗುವುದು ಹೇಗೆ? ಮರ ಹತ್ತಿ ಮೂರ್ತೆ ಮಾಡುವ ಜತ್ತಪ್ಪನಿಂದ ಕಳ್ಳು ತರಿಸಿ ಎಂಬತ್ತು ಸಾನ್ನಾಂ ಮಾಡಿದಳು.

"ಬಾಯಮ್ಮ, ಈಗ ಯಾವ ಹಬ್ಬ?" ಎಂದು ಜತ್ತಪ್ಪ ಕೇಳಿದ.

"ಹಬ್ಬ ಅಲ್ಲ ಮಾರಾಯ, ವಿಚಾರಣೆ," ಅಂದಳು.

ಸಭಾಂಗಣ ಒಂದು ಬಟ್ಟೆಯಂಗಡಿಯ ಮಾಳಿಗೆಯಲ್ಲಿತ್ತು. ಬಾಗಿಲಲ್ಲೇ ಎಲ್ಲರಿಗೂ ಅವರವರ ಬ್ಲಾಗಿನ ಹೆಸರಿನ ಚೀಟಿ ಚುಚ್ಚಿದರು. ಮುಖ ಹೆಚ್ಚಿನವರಿಗೆ ಗೊತ್ತಿಲ್ಲ, ಹೆಸರು ಎಲ್ಲರಿಗೂ ಗೊತ್ತು. ಹತ್ತು ದಿನದಿಂದ ಒಬ್ಬರನ್ನೊಬ್ಬರು ನರಕಕ್ಕೆ ಕಳುಹಿಸಿದವರು ಅಕ್ಕಪಕ್ಕ ಕೂತು ಫ್ಯಾನಿನ ಗಾಳಿ ತಾಗುತ್ತದಾ ಎಂದು ವಿಚಾರಿಸುತ್ತಿದ್ದರು. ಎದುರು ಕೂತು ಬೈದು ಅಭ್ಯಾಸ ಇಲ್ಲ ನೋಡಿ. ಹಾಗಾಗಿ ಚರ್ಚೆ ಶುರುವಾದರೂ ಬಾಯಿ ತೆರೆಯುವವರಿಲ್ಲ. ಎಲ್ಲರೂ ತಲೆ ಬಗ್ಗಿಸಿ ಮೊಬೈಲಿನಲ್ಲೇ ಬರೆಯತೊಡಗಿದರು. ಒಬ್ಬರ ಬೆರಳು ಓಡುವುದು, ನಾಲ್ಕು ಕುರ್ಚಿ ಆಚೆ ಇನ್ನೊಬ್ಬರ ಮುಖ ಕೆಂಪಾಗುವುದು. ಒಂದು ಗಂಟೆ ಹೀಗೆ ನಿಶ್ಶಬ್ದವಾಗಿ ಜಗಳವಾಯಿತು.

ಕೊನೆಗೆ ಯೋನಾತಾನ ಬ್ರದರ್ ಎದ್ದರು. ಇಪ್ಪತ್ತು ವರ್ಷ ಪ್ಲೈವುಡ್ ಮಾರಿದ ಅನುಭವದಿಂದ ರಾಜಿಯ ದಾರಿ ಕಂಡುಕೊಂಡಿದ್ದರು.

"ಸಹೋದರ ಸಹೋದರಿಯರೇ, ಸಣ್ಣದೂ ಬೇಡ, ದೊಡ್ಡದೂ ಬೇಡ. ಸ್ವರ್ಗ ಮೀಡಿಯಂ ಸೈಜ್ ಅಂತ ನಿರ್ಣಯ ಮಾಡುವ. ಯಾರಿಗೂ ನಷ್ಟ ಇಲ್ಲ."

ಚಪ್ಪಾಳೆ ಬಿದ್ದಿತು. ಗ್ರೆಟ್ಟಾಳಿಗೆ ತಡೆಯಲಾಗಲಿಲ್ಲ. ಸ್ವರ್ಗಕ್ಕೆ ಸೈಜ್ ಕಟ್ಟುವುದನ್ನು ನೋಡಿಯೂ ಸುಮ್ಮನಿದ್ದರೆ ಪಾಪಕ್ಕೆ ಪಾಲುದಾರಳಾದಂತೆ ಎಂದು ಎದ್ದು ನಿಂತಳು.

"ಅದು ಸಣ್ಣ ಅಲ್ಲ, ಸಾನ್ನಾಂ. ಕುಡುಕ ಕಳ್ಳನೂ ಅಲ್ಲ, ಒಂದು ಕುಡ್ತೆ ಕಳ್ಳು. ಮೊಬೈಲು ತಪ್ಪು ಬರೆಯಿತು. ನನಗೆ ಅದೇ ದಿನ ಗೊತ್ತಾಯಿತು. ನೀವೆಲ್ಲ ಹೊಗಳಿದಿರಿ, ನಾನು ಬಾಯಿ ಮುಚ್ಚಿ ಕೂತೆ. ಕ್ಷಮಿಸಿ."

ಹಿಂದಿನ ಸಾಲಿನಿಂದ ಕುರಿಯಚ್ಚನ್ ದನಿ ಕೇಳಿಸಿತು: "ಹಾಗಾದ್ರೆ ನನ್ನ ಮೂರು ಭಾಗ?"

ಆಮೇಲೆ ಒಂದು ಪವಾಡ ನಡೆಯಿತು. ಹತ್ತು ದಿನದಿಂದ ಒಡೆದಿದ್ದ ಬಳಗ ಒಂದಾಯಿತು. ಸ್ವರ್ಗಕ್ಕೆ ಕಳ್ಳು ಹಾಕುವುದೇ! ಸಣ್ಣದು ಪಕ್ಷ, ದೊಡ್ಡದು ಪಕ್ಷ, ಎರಡೂ ಒಂದೇ ದನಿಯಲ್ಲಿ ಕೂಗಿದವು. ಗ್ರೆಟ್ಟಾಳ ಬ್ಲಾಗನ್ನು ಬಳಗದಿಂದ ತೆಗೆಯಬೇಕೋ ಬೇಡವೋ ಎಂದು ಮತಕ್ಕೆ ಹಾಕುವುದೆಂದಾಯಿತು. ಆದರೆ ಅಷ್ಟರಲ್ಲಿ ಗಂಟೆ ಒಂದಾಗಿತ್ತು, ಹಸಿವೆಯೂ ಆಗಿತ್ತು. ಊಟದ ಅನಂತರ ಹೊರಹಾಕುವ ಎಂದು ಬ್ರದರ್ ಸೂಚಿಸಿದರು.

ಅವಳ ಎಂಬತ್ತು ಸಾನ್ನಾಂ ಹತ್ತು ನಿಮಿಷದಲ್ಲಿ ಖಾಲಿ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ನರೆಗೂದಲಿನ ತುಂಬು ಮೈಯ ಹೆಂಗಸೊಬ್ಬರು ಆರು ತಿಂದರು. ಸೆರಗು ಚೀಟಿಯನ್ನು ಮುಚ್ಚಿತ್ತು.

"ಎಂಥ ಮೆದು ಮಾರಾಯ್ತಿ! ಬಾಯಿಗೆ ಹಾಕುವ ಮೊದಲೇ ಹೋಯಿತು," ಅಂದರು.

ಗ್ರೆಟ್ಟಾಳಿಗೆ ಆ ದನಿ ಹಿತವಾಯಿತು. "ಬೆಳುವಾಯಿಯ ಸುಶಾಂತಿ ಅಕ್ಕ ಬಂದಿದ್ದಾರಾ, ನಿಮಗೆ ಗೊತ್ತುಂಟಾ?" ಎಂದು ಕೇಳುವವಳಿದ್ದಳು. ಅಷ್ಟರಲ್ಲಿ, ತೆಗೆಯಬೇಕು ಎನ್ನುವವರು ಕೈ ಎತ್ತಿ ಎಂದು ಬ್ರದರ್ ಹೇಳಿದರು. ಆ ಹೆಂಗಸು ಬೆರಳನ್ನು ಸೆರಗಿಗೆ ಒರಸಿ, ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಸೆರಗು ಜಾರಿತು. ಎದೆಯ ಮೇಲೆ ಎರಡು ಚೀಟಿ. ಮೇಲಿನದು 'ಸತ್ಯಸಾಕ್ಷಿ'. ಕೆಳಗಿನದು 'ಸುಶಾಂತಿ, ಬೆಳುವಾಯಿ'.

ಸುತ್ತಲೂ ಕೈಗಳು ಏಳುತ್ತಿದ್ದವು. ಗ್ರೆಟ್ಟಾ ಒಂದನ್ನೂ ಎಣಿಸಲಿಲ್ಲ.

"ಅಕ್ಕ, ನೀವಾ?"

"ಹೌದು ತಂಗಿ, ನಾನೇ," ಅಂದರು ಸುಶಾಂತಿ ಅಕ್ಕ, ಕೈ ಇಳಿಸದೆ. "ನನಗೆ ಎರಡು ಬ್ಲಾಗ್ ಉಂಟು. ಒಂದು ಪ್ರೀತಿಗೆ, ಒಂದು ಸತ್ಯಕ್ಕೆ."

"ನನ್ನ ಮನಸ್ಸು ಸಣ್ಣದು ಅಂತ ಬರೆದದ್ದು?"

"ಅದು ಸಿದ್ಧಾಂತ. ಅದರಲ್ಲಿ ನೀನು ಬರುವುದಿಲ್ಲ. ನಿನಗೆ ನಾನು ದಿನಾ ಎರಡು ಹೊತ್ತು ಪ್ರಾರ್ಥನೆ ಮಾಡ್ತಾ ಇದ್ದೆ."

"ಮತ್ತೆ ಬೆಳಿಗ್ಗೆ ಒಂದು ಸಾಲು ಬರೀಲಿಕ್ಕೆ ಆಗ್ಲಿಲ್ಲವಾ?"

"ಎಲ್ಲಿ ಮಾರಾಯ್ತಿ ಪುರುಸೊತ್ತು? ಬೆಳಿಗ್ಗೆ ಎದ್ದರೆ ನಿನ್ನನ್ನು ಖಂಡಿಸುವುದೇ ಆಯಿತು."

ಅಕ್ಕನ ಮುಖದಲ್ಲಿ ಸುಳ್ಳು ಇರಲಿಲ್ಲ. ಅದೇ ಗ್ರೆಟ್ಟಾಳನ್ನು ಹೆಚ್ಚು ನೋಯಿಸಿತು. ಸುಳ್ಳು ಹೇಳುವವರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅವಳು ಖಾಲಿ ಪಾತ್ರೆ ಎತ್ತಿಕೊಂಡು ಮೆಟ್ಟಿಲಿಳಿದಳು. ಬಸ್ ನಿಲ್ದಾಣದವರೆಗೂ ಅಕ್ಕ ಏದುಸಿರು ಬಿಡುತ್ತಾ ಹಿಂದೆಯೇ ಬಂದರು.

"ತೆಗೆದದ್ದು ಬ್ಲಾಗನ್ನು ಅಲ್ವಾ? ನಿನ್ನ ನಂಬರ್ ಕೊಡು."

"ಯಾರಿಗೆ ಕೊಡ್ಲಿ? ನಿಮಗಾ, ಸತ್ಯಸಾಕ್ಷಿಗಾ?"

ಅಕ್ಕ ತುಸು ಯೋಚಿಸಿದರು. "ಅವಳಿಗೆ ಫೋನಿಲ್ಲ," ಎಂದರು, ಬಹಳ ಗಂಭೀರವಾಗಿ.

ಗ್ರೆಟ್ಟಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಂಬರ್ ಕೊಟ್ಟಳು. ಅವಳು ಮಾಣಿಯ ಬಸ್ಸು ಹತ್ತಿದಳು. ಅಕ್ಕ ಮೂಡುಬಿದಿರೆಯದನ್ನು ಹತ್ತಿದರು.

ಮೆಲ್ಕಾರ್ ದಾಟುವಾಗ ಫೋನ್ ಬಂತು.

"ಸೀಟು ಸಿಕ್ಕಿತಾ ತಂಗಿ? ಅಲ್ಲ, ಆ ಹಿಟ್ಟಿಗೆ ಉದ್ದು ಎಷ್ಟು ಹಾಕ್ತೀ?"

ಗ್ರೆಟ್ಟಾ ಅಳತೆ ಹೇಳತೊಡಗಿದಳು. ಅರ್ಧದಲ್ಲಿ ಕಿವಿಯಲ್ಲೇ ಟಿಂಗ್ ಎಂದಿತು. ಫೋನ್ ಇಳಿಸಿ ನೋಡಿದಳು. ಸತ್ಯಸಾಕ್ಷಿಯ ಹೊಸ ಬರಹ: 'ಇಂದು ಸತ್ಯ ಗೆದ್ದಿತು. ಕಳ್ಳಿನ ಬೋಧಕಿಯನ್ನು ಹೊರಹಾಕಿದೆವು.' ಕೆಳಗೆ ಆಮೆನ್‌ಗಳು ಸಾಲುಗಟ್ಟುತ್ತಿದ್ದವು.

"ಅಕ್ಕ, ಇದು ಈಗ ಬರೆದದ್ದಾ? ಬಸ್ಸಲ್ಲಿ ಕೂತು?"

"ಹೌದು, ನಿನಗೆ ಫೋನ್ ಮಾಡುವ ಮೊದಲು. ಮತ್ತೆ ಮರೆತುಹೋಗ್ತದೆ ನೋಡು."

ಎರಡು ವರ್ಷದಲ್ಲಿ ಗ್ರೆಟ್ಟಾ ಅಕ್ಕನಿಂದ ಏನನ್ನೂ ಕೇಳಿದವಳಲ್ಲ. ಈಗ ಕೇಳಿದಳು: "ಅದನ್ನು ತೆಗೀರಿ. ತೆಗೆಯದಿದ್ದರೆ ಇನ್ನು ನನಗೆ ಫೋನ್ ಮಾಡ್ಬೇಡಿ. ನಾನು ಇರುವುದೇ ಒಬ್ಬಳು ಅಕ್ಕ, ನನಗೆ ಎರಡು ಬ್ಲಾಗ್ ಇಲ್ಲ. ನೀವು ಯಾವ ಬ್ಲಾಗಿನಲ್ಲಿ ಹೊಡೆದರೂ ನೋವಾಗುವುದು ನನಗೇ."

ಆಚೆಯಿಂದ ಬಸ್ಸಿನ ಗಡಗಡ, ಸಿದ್ದಕಟ್ಟೆ ಸಿದ್ದಕಟ್ಟೆ ಎಂದು ಕಂಡಕ್ಟರನ ಕೂಗು. ಲೈನ್ ಕಡಿದುಹೋಯಿತು. ಕಲ್ಲಡ್ಕ ಬಂತು, ಹೋಯಿತು. ಬರಹ ಅಲ್ಲೇ ಇತ್ತು. ಗ್ರೆಟ್ಟಾ ಪಾತ್ರೆಯನ್ನು ಮಡಿಲಲ್ಲಿ ಅವುಚಿ ಹಿಡಿದು, ಹೋದರೆ ಹೋಗಲಿ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ. ಮಾಣಿಯಲ್ಲಿ ಇಳಿಯುವ ಮೊದಲು ಕೊನೆಯ ಸಲ ಎಂದು ಒತ್ತಿ ನೋಡಿದಳು. 'ಈ ಪುಟ ಲಭ್ಯವಿಲ್ಲ' ಎಂದು ಬಂತು.

ಫೋನ್ ಮತ್ತೆ ಬಡಿದುಕೊಂಡಿತು.

"ತೆಗೆದೆ," ಅಂದರು ಸುಶಾಂತಿ ಅಕ್ಕ. ಆಮೇಲೆ ಅಳು ನುಂಗಿದ ದನಿಯಲ್ಲಿ ಸೇರಿಸಿದರು: "ಮೂವತ್ತೆರಡು ಲೈಕ್ ಬಂದಿತ್ತು ಮಾರಾಯ್ತಿ."