ಮಾಲ್ಜಾ ಪಕ್ಕದಲ್ಲೇ ಮುಳುಗುತ್ತಿದ್ದುದು ಯಾಕೆ

ಬೆನ್ನಿಗೆ ಹೇರಿದ ಬಲೆಚೀಲ ಸೊಂಟಕ್ಕೆ ಬಡಿಯುತ್ತಿದೆ, ತಣ್ಣಗೆ, ಒಳಗೆ ಶಂಖುಗಳು ಕಟಕಟ ತಾಗಾಡುತ್ತಿವೆ, ಇಷ್ಟು ಭಾರ, ಇದು ತನ್ನ ಚೀಲವೇ — ಚುನ್ಹ್ವಾ ಕರಿಬಂಡೆಯ ಮೇಲೆ ಕಾಲೂರಿ ನಿಂತಳು, ಕಿವಿಯೊಳಗೆ ಕಡಲು ಇನ್ನೂ ಗುಂಯ್ ಎನ್ನುತ್ತಿದೆ, ಬೇರೆ ದಿನವಾಗಿದ್ದರೆ ಇಷ್ಟೊತ್ತಿಗೆ ಅವಳ ಬಾಯಿ ಶುರುವಾಗಿರುತ್ತಿತ್ತು, ಇವತ್ತೊಂದು ಆಕ್ಟೋಪಸ್ ಸಿಕ್ಕಿತ್ತು ಕಣ್ರೇ, ನಮ್ಮನೆ ಹಂದಿಗಿಂತ ದಪ್ಪ, ಕೈ ಹಿಡ್ಕೊಂಡು ಯಾರ ಮಗಳಮ್ಮಾ ನೀನು ಅಂತ ಕೇಳ್ತು, ಇಷ್ಟು ಮರ್ಯಾದಸ್ಥ ಪ್ರಾಣೀನ ಹೆಂಗ್ ಹಿಡಿಯೋದು, ಬಿಟ್ಬಂದೆ — ಶಂಖು ಹೆಕ್ಕಲು ಕಡಲಲ್ಲಿ ಮುಳುಗಿ ಬಂದು ಬೆಂಕಿಗೆ ಮೈ ಕಾಯಿಸಿಕೊಳ್ಳುವ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಗದವಳು ಒಬ್ಬಳೇ, ನೆರೆಮನೆಯ ಮಾಲ್ಜಾ, ಬಾಯಲ್ಲಿ ಬೀಗ ಇಟ್ಟುಕೊಂಡೇ ಹುಟ್ಟಿದವಳು. ಚುನ್ಹ್ವಾಳ ಗಂಡ ಸತ್ತಾಗ ಊರೆಲ್ಲ ಬಂದು ಅತ್ತಿತು, ಈ ಮಾಲ್ಜಾ ಮಾತ್ರ ಹಿತ್ತಿಲಿಗೆ ಹೋಗಿ ರಾಶಿಬಿದ್ದ ಪಾತ್ರೆಯನ್ನೆಲ್ಲ ತಿಕ್ಕಿ ತೊಳೆದು ಬೋರಲು ಹಾಕಿ ಹೊರಟೇ ಹೋದಳು, ನಂಗೆ ಗಂಡ ಹೋದ ಚಿಂತೆ, ಅವಳಿಗೆ ನನ್ನ ಮಡಕೆ ಚಿಂತೆ ಕಣ್ರೇ ಅಂತ ಚುನ್ಹ್ವಾ ಎಷ್ಟು ಸಲ ಹೇಳಿ ನಗಿಸಿಲ್ಲ, ಈ ವರ್ಷವಂತೂ ನೀರಿನಲ್ಲೂ ಬಂಡೆಗಂಟಿದ ಚಿಪ್ಪಿನ ಹಾಗೆ ಪಕ್ಕದಲ್ಲೇ ಮುಳುಗುತ್ತಾಳೆ, ನನ್ನ ಜಾಗ ಕದಿಯೋಕೆ, ಇನ್ನೇನಕ್ಕೆ, ಎದುರಿಗೇ ಅಂದುಬಿಟ್ಟಿದ್ದಳು, ಮಾಲ್ಜಾ ಉಪ್ಪುನೀರು ಉಗಿದು ಮತ್ತೆ ಮುಳುಗಿದಳು, ಅಷ್ಟೇ.

ನಿನ್ನೆ ಮುಖ್ಯಸ್ಥೆ ಇನ್ಸೆಂಗಕ್ಕ ಕರೆದು ಹೇಳಿದ್ದಳು, ಮೇಲೆ ಬಂದು ಕಟ್ಟಿದ ಉಸಿರು ಬಿಡೋವಾಗ ನಿನ್ನ ಸಿಳ್ಳೆ ಒಡೆದ ಕೆಟಲ್ ಥರ ಕೇಳ್ತಿದೆ, ನಾಳೆ ಚೀಲ ಹಗುರಾಗಿದ್ರೆ ಅಜ್ಜಿಯರ ಕಡಲಿಗೆ ಹೋಗು — ದಡದ ಪಕ್ಕದ ಆ ತೆಳುನೀರು ವಯಸ್ಸಾದವರಿಗೆಂದೇ ಬಿಟ್ಟದ್ದು, ಬೇರೆಯವರು ಮುಟ್ಟುವ ಹಾಗಿಲ್ಲ — ಅಲ್ಲಿಗೆ ಹೋದವಳು ಬೆಂಕಿಯ ಹತ್ತಿರವೂ ಹೊಗೆ ಬರುವ ಕಡೆ ಕೂರಬೇಕು, ಹೊಗೆ ಬಾರದ ಕಡೆ ಆಳಕ್ಕಿಳಿಯುವವರಿಗೆ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ನಾನಾ, ಮೊಣಕಾಲು ನೀರಲ್ಲಿ ಪಾಚಿ ಕೀಳೋದಾ, ಸತ್ತೇ ಹೋಗ್ತೀನಿ. ಇವತ್ತು ಹಟಕ್ಕೆ ಆಳಕ್ಕಿಳಿದಳು, ಅರ್ಧದಲ್ಲೇ ಎದೆ ಬಿಗಿಯಿತು, ಬರಿಗೈಯಲ್ಲಿ ತಿರುಗಿ ಮೇಲಕ್ಕೆ ನೋಡಿದರೆ ನೀರ ಮೇಲೆ ತನ್ನ ಸೋರೆಯ ತೇಲುಬುರುಡೆ, ಅದರಡಿ ತೂಗುವ ಬಲೆಚೀಲ, ಅದರ ಪಕ್ಕ ಒಂದು ಕೈ, ಹೆಬ್ಬೆರಳಿಗೆ ಗಾಳದ ದಾರದ ಹೊಲಿಗೆ ಹಾಕಿದ ಕೈಗವಸು, ಮಾಲ್ಜಾಳದು, ಕದೀತಿದಾಳೆ, ಸಿಕ್ಕಿಬಿದ್ಲು — ಆದರೆ ಕೈ ಚೀಲದ ಬಾಯಿ ಅಗಲಿಸಿತು, ಬೆರಳು ಬಿಚ್ಚಿಕೊಂಡವು, ಶಂಖು ಒಳಗೆ ಬಿದ್ದವು, ಕೈ ಹೋಯಿತು, ಇನ್ನಷ್ಟು ತಂದಿತು, ಮತ್ತೆ ಬಿಚ್ಚಿಕೊಂಡಿತು. ಚುನ್ಹ್ವಾ ಕಾಣದ ಹಾಗೆ ಆಚೆ ಬದಿಗೆ ಎದ್ದಳು, ಅಲೆಯ ಸದ್ದಿನಲ್ಲಿ ಸಿಳ್ಳೆ ಅಡಗಿಸಿದಳು, ಹಾಗಾದರೆ ಮೊನ್ನೆ ತಾನು ಜಂಬ ಕೊಚ್ಚಿಕೊಂಡ ಚೀಲದ ಆ ಭಾರವೂ, ಅದರ ಹಿಂದಿನದೂ, ವಸಂತದಲ್ಲಿ ತಲೆ ತಿರುಗಿದಾಗ ತನ್ನನ್ನು ತೇಲುಬುರುಡೆಯ ಕಡೆಗೆ ನೂಕಿದ್ದು ಅಲೆ ಅಂದುಕೊಂಡಿದ್ದಳಲ್ಲ, ಅಲೆಗೆ ಕಂಕುಳಲ್ಲಿ ಕೈಹಾಕಿ ಎತ್ತುವುದು ಗೊತ್ತೇ.

ಬೆಂಕಿಯ ಹತ್ತಿರ ಬಂದಳು, ಇನ್ಸೆಂಗಕ್ಕ ಚೀಲ ಎತ್ತಿ ನೋಡಿ ಅಬ್ಬಾ ಅಂದಳು, ಇದು ಮುದುಕಿ ಚೀಲ ಅಲ್ವೇ ಅಲ್ಲ, ನಾಳೆನೂ ಆಳಕ್ಕೇ ಬಾ ನೀನು. ಎಲ್ಲರೂ ಕಥೆಗೆ ಕಾದಿದ್ದಾರೆ, ಮಾಲ್ಜಾ ಕೈಗವಸು ಹಿಂಡುತ್ತಿದ್ದಾಳೆ, ಅವಳ ಬಲೆ ಬಡಕಲು ಬೆಕ್ಕಿನ ಹಾಗಿದೆ, ಹೇಳಿಬಿಡಲೇ, ಇವಳು ಹಿಂಗೆ ಮಾಡಿದ್ಲು ಕಣ್ರೇ ಅಂತ, ಹೇಳಿದರೆ ನಾಳೆ ಅದೂ ಒಂದು ಕಥೆ, ನಾಡಿದ್ದಿಗೆ ಅದಕ್ಕೊಂದು ಆಕ್ಟೋಪಸ್ ಸೇರುತ್ತದೆ, ಹೇಳದೆ ಸುಮ್ಮನಿದ್ದರೆ ನಾಳೆಯೂ ಅವಳ ಬಲೆ ಬಡಕಲು, ಚುನ್ಹ್ವಾ ಕೂರುವ ಮಣೆ ಎತ್ತಿಕೊಂಡಳು, ಬೆಂಕಿ ಸುತ್ತಿ ಬಂದು ಅಜ್ಜಿಯರ ನಡುವೆ ಹೊಗೆಯಲ್ಲಿ ಕುಳಿತಳು.

ಚೀಲ ತುಂಬಿದೆಯಲ್ಲೇ, ಇನ್ಸೆಂಗಕ್ಕ ಆಚೆಯಿಂದ ಕೂಗಿದಳು, ಅಲ್ಯಾಕೆ ಕೂತೆ.

ನಾಳೆಯಿಂದ ಇಲ್ಲೇ ಅಕ್ಕ.

ಕಥೆ ಇಲ್ವೇನೇ ಇವತ್ತು, ಪಕ್ಕದ ಅಜ್ಜಿ ತಿವಿದಳು, ನಾಲಿಗೆ ಕಡಲಲ್ಲೇ ಬಿಟ್ಬಂದ್ಯಾ, ಚುನ್ಹ್ವಾ ತಲೆಯಾಡಿಸಿದಳು, ಬೆಂಕಿಯಾಚೆ ಮಾಲ್ಜಾ ಕತ್ತೆತ್ತಿ ನೋಡಿದಳು, ನೋಡುತ್ತಲೇ ಇದ್ದಾಳೆ, ಏನಾದರೂ ಅನ್ನಬೇಕು, ಒಂದು ಮಾತು, ಮಾತು ಹುಡುಕಿದರೆ ನೀರು, ಮೇಲಿನಿಂದ ಬೆಳಕು, ಹೊಲಿಗೆ ಹಾಕಿದ ಹೆಬ್ಬೆರಳು, ಬೆರಳು ಬಿಚ್ಚಿಕೊಳ್ಳುತ್ತದೆ, ಶಂಖು ಬೀಳುತ್ತದೆ, ಬೆರಳು ಬಿಚ್ಚಿಕೊಳ್ಳುತ್ತದೆ, ಕೈ, ತೆರೆದ ಕೈ —